ಪಾರ್ಕಿಗೆ ನೀರು ಎಲ್ಲಿಂದ

ಸರ್ಕಾರಿ ಗೆಜೆಟ್ ಓದುವುದು ಪತ್ರಿಕಾ ಕಚೇರಿಯಲ್ಲಿ ಹೊಸಬರ ತಲೆಗೆ ಕಟ್ಟುವ ಕೆಲಸ. ಐವತ್ತರ ದಶಕದ ಕೊನೆಯಲ್ಲಿ, ಮದರಾಸಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ, ಅದು ನನ್ನ ಪಾಲಿಗೆ ಬಂದಿತ್ತು. ಸಣ್ಣ ಅಕ್ಷರದ ಆ ಪುಟಗಳಲ್ಲಿ ನೂರಕ್ಕೆ ತೊಂಬತ್ತು ಯಾರಿಗೂ ಬೇಡದ್ದು. ಒಂದು ವಾರ ಮಾತ್ರ, ನುಂಗಂಬಾಕ್ಕಂನ ಒಂದು ಖಾಲಿ ಜಾಗವನ್ನು ಪಾರ್ಕು ಮಾಡಲು ಕಾರ್ಪೊರೇಷನ್ನಿಗಾಗಿ ಸರ್ಕಾರ ವಶಪಡಿಸಿಕೊಳ್ಳಲಿದೆ ಎಂಬ ಪ್ರಕಟಣೆಯನ್ನು ನಾನು ಮೂರು ಸಲ ಓದಿದೆ. ಅದು ನನ್ನ ಸೋದರಮಾವನ ಹೋಟೆಲಿನ ಹಿಂದಿನ ಜಾಗ.

ಮಾವ ಉಡುಪಿ ಕಡೆಯಿಂದ ಬಂದು ಆ ಬೀದಿಯಲ್ಲಿ ಹೋಟೆಲು ಹಾಕಿ ಆಗಲೇ ಇಪ್ಪತ್ತು ವರ್ಷ ಆಗಿತ್ತು. ನಾನು ಇದ್ದದ್ದು ಅದೇ ಕಟ್ಟಡದ ಮಹಡಿಯ ಕೋಣೆಯಲ್ಲಿ. ಬೀದಿಯ ಆ ತುದಿಗೆ ಒಳಚರಂಡಿ ಬಂದಿರಲಿಲ್ಲ. ಅಕ್ಕಿ, ಉದ್ದು, ತರಕಾರಿ ತೊಳೆದ ನೀರು, ಬೂದಿ ಹಾಕಿ ಉಜ್ಜಿದ ಪಾತ್ರೆಗಳ ನೀರು, ಎಲ್ಲವೂ ಹಿತ್ತಲ ಬಾಗಿಲಿನ ಪಕ್ಕದ ಕಾಲುವೆಯಿಂದ ಆ ಜಾಗಕ್ಕೆ ಹರಿಯುತ್ತಿತ್ತು. ಜಾಗದ ಒಡೆಯರು ಸೌಕಾರ್‌ಪೇಟೆಯ ಒಬ್ಬ ಸೇಠರು. ನೀರು ಬಿಟ್ಟುಕೊಳ್ಳಿ ಎಂದು ಅವರು ಎಂದೋ ಬಾಯಿಮಾತಿನಲ್ಲಿ ಹೇಳಿದ್ದರು. ಕಾಗದ ಪತ್ರ ಏನೂ ಇರಲಿಲ್ಲ. ಆ ನೀರಿನಿಂದ ಅಲ್ಲಿ ಒಂದು ಬಾಳೆತೋಟವೇ ಎದ್ದಿತ್ತು, ಬೆಳಿಗ್ಗೆ ಬಿಳಿ ಕೊಕ್ಕರೆಗಳು ಇಳಿಯುತ್ತಿದ್ದವು. ಜಾಗ ಸರ್ಕಾರದ್ದಾಗಿ, ಸುತ್ತ ಗೋಡೆ ಎದ್ದರೆ, ನೀರಿಗೆ ಹೋಗಲು ದಾರಿ ಇಲ್ಲ. ನೀರು ಬೀದಿಗೆ ಬಂದರೆ ಹೆಲ್ತ್ ಇನ್‌ಸ್ಪೆಕ್ಟರ್ ಹೋಟೆಲಿನ ಲೈಸೆನ್ಸ್ ರದ್ದು ಮಾಡುತ್ತಾನೆ. ಮಾವನಿಗೆ ಬೇರೆ ಆದಾಯ ಇರಲಿಲ್ಲ.

ನಾನು ವಿಷಯವನ್ನು ಮೊದಲು ನಮ್ಮ ಮುಖ್ಯ ವರದಿಗಾರರಿಗೆ ತಿಳಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಾಗಾದರೆ ಈ ಸುದ್ದಿ ನಿನ್ನದಲ್ಲ. ಬರೆಯಬೇಡ. ಅಧಿಕಾರಿಗಳ ಹತ್ತಿರ ನಿನ್ನ ಮಾವನ ಪರವಾಗಿ ಒಂದು ಮಾತೂ ಆಡಬೇಡ," ಎಂದರು. ನಾನು ಒಪ್ಪಿದೆ. ಅದು ಸರಿಯೆಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಇದರಲ್ಲಿ ನನ್ನದೂ ಒಂದು ಕೈ ಇತ್ತು ಎನ್ನುವುದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಹಿಂದಿನ ವರ್ಷ ನಗರದ ಹೊಸ ಪಾರ್ಕುಗಳನ್ನು ಸುತ್ತಿ ನಾನೊಂದು ವರದಿ ಬರೆದಿದ್ದೆ. ಜಾಗ ಕೊಂಡಿದ್ದರು, ಕಬ್ಬಿಣದ ಗೇಟು ಹಾಕಿದ್ದರು, ಮಾಲಿ ಇರಲಿಲ್ಲ, ನೀರಿರಲಿಲ್ಲ, ಒಳಗೆ ಮೇಕೆಗಳು ಮಲಗಿದ್ದವು. ಕೊಳ್ಳುವ ಖರ್ಚು ಒಂದು ಸಲದ್ದು, ನೋಡಿಕೊಳ್ಳುವ ಖರ್ಚು ವರ್ಷ ವರ್ಷದ್ದು ಎಂದು ಅದರಲ್ಲಿ ಬರೆದಿದ್ದೆ. ಕೌನ್ಸಿಲಿನಲ್ಲಿ ಅದರ ಮೇಲೆ ಗದ್ದಲವಾಯಿತು. ಕೊನೆಗೆ ಒಂದು ಕಟ್ಟಳೆ ಬಂತು: ನೀರು ಎಲ್ಲಿಂದ ಬರುತ್ತದೆ, ವರ್ಷದ ಖರ್ಚೆಷ್ಟು ಎಂದು ತೋರಿಸದೆ ಯಾವ ಜಾಗವನ್ನೂ ಪಾರ್ಕು ಮಾಡುವಂತಿಲ್ಲ. ನೀರಿಲ್ಲದ ಜಾಗ ರಸ್ತೆ ಇಲಾಖೆಗೆ, ಟಾರು ಪೀಪಾಯಿ, ಜಲ್ಲಿ ಇಟ್ಟುಕೊಳ್ಳಲು.

ಆಮೇಲೆ ಹದಿನೈದು ದಿನ ನನ್ನನ್ನು ಶಾಸನಸಭೆಯ ವರದಿಗೆ ಹಾಕಿದರು. ಬೆಳಿಗ್ಗೆ ಹೊರಟರೆ ರಾತ್ರಿ ಬರುತ್ತಿದ್ದೆ. ಬಿಡುವಾದ ದಿನ ಬೆಳಿಗ್ಗೆ ಹಿತ್ತಲಿಗೆ ಇಳಿದು ನೋಡಿದರೆ ಬಾಳೆಗಿಡ ಒಂದೂ ಇಲ್ಲ. ನೆಲ ಬಿರುಕು ಬಿಟ್ಟಿತ್ತು. ಕಾಲುವೆಯ ಬಾಯಿಗೆ ಕಲ್ಲು, ಮಣ್ಣು ಜಡಿದಿದ್ದರು. ಹೋಟೆಲಿನ ಗೋಡೆಯ ಪಕ್ಕ ಕೊಳಚೆ ನೀರು ತುಂಬಿದ ಎಂಟು ಪೀಪಾಯಿ ಸಾಲಾಗಿ ನಿಂತಿದ್ದವು.

"ಎಂತ ಇದು ಮಾವ?"

"ಮೆಲ್ಲ ಮಾತಾಡು," ಎಂದರು ಮಾವ. "ಸೇಠರಿಗೆ ಜಾಗದ ನೋಟೀಸು ಬಂತಲ್ಲ, ಇವತ್ತು ಕಾರ್ಪೊರೇಷನ್ನಿನ ಪಾರ್ಕಿನ ಸೂಪರಿಂಟೆಂಡೆಂಟು ಜಾಗ ನೋಡ್ಲಿಕ್ಕೆ ಬರ್ತಾರಂತೆ. ಕೊಳಚೆ ಕಂಡ್ರೆ ಹೆಲ್ತಿನವನಿಗೆ ಹೇಳುದಿಲ್ವಾ? ಅದಕ್ಕೆ ನೀರು ನಿಲ್ಲಿಸಿ, ಪೀಪಾಯಿಗೆ ತುಂಬಿಸಿ ಗಾಡಿಯಲ್ಲಿ ಕಳಿಸ್ತಾ ಇದ್ದೇನೆ. ಬಾಳೆ ಕಡಿಸಿದೆ. ಈಗ ನೋಡು, ಒಂದು ಹನಿ ನೀರಿನ ಗುರುತುಂಟಾ?"

ಗುರುತು ಇಲ್ಲದಿರುವುದೇ ತೊಂದರೆ ಎಂದು ನಾನು ಹೇಳಿದೆ. ಜಾಗ ಹೇಗೂ ಹೋಗುತ್ತದೆ. ಪಾರ್ಕಾದರೆ ಅವರ ಜೊತೆ ಮಾತಾಡಬಹುದು, ಟಾರಿನ ಡಿಪೋ ಆದರೆ ಆಳೆತ್ತರದ ಗೋಡೆ ಎದ್ದು ಎಲ್ಲ ಮುಗಿಯುತ್ತದೆ ಎಂದು ವಿವರಿಸಿದೆ. ಮಾವ ಅಲ್ಲೇ ಒಂದು ಪೀಪಾಯಿಗೆ ಒರಗಿದರು.

"ಇದನ್ನ ಮೊದಲೇ ಹೇಳ್ಲಿಕ್ಕೆ ಆಗ್ಲಿಲ್ವಾ ಮಾಣಿ ನಿನಗೆ?"

"ನೀವು ಕೇಳಲಿಲ್ಲ."

"ಪೇಪರಿನವನನ್ನ ಮನೆಯಲ್ಲಿ ಇಟ್ಕೊಂಡು ಸುದ್ದಿ ಕಡೆಗೆ ಗೊತ್ತಾಗುದು ನನಗೇ!" ಎಂದು ಅವರು ಹಣೆ ಬಡಿದುಕೊಂಡರು.

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಬಂದೇ ಬಿಟ್ಟರು. ನಿವೃತ್ತಿಗೆ ಹತ್ತಿರವಾದ ತಮಿಳು ಮನುಷ್ಯ, ಖಾಕಿ ಟೊಪ್ಪಿ, ಕೈಯಲ್ಲಿ ಛತ್ರಿ. ಛತ್ರಿಯ ತುದಿಯಿಂದ ನೆಲ ಕುಕ್ಕಿದರು, ಬಗ್ಗಿ ಮಣ್ಣು ಮುರಿದು ನೋಡಿದರು. "ತಣ್ಣಿಯೇ ಇಲ್ಲೈಯೇ," ನೀರೇ ಇಲ್ಲವಲ್ಲ ಎಂದು ತಮಗೇ ಹೇಳಿಕೊಂಡು ಪುಸ್ತಕದಲ್ಲಿ ಏನೋ ಗೀಚಿದರು. ಬಾವಿ ತೋಡಬೇಕು, ಪಂಪು, ಪಂಪಿಗೊಬ್ಬ ಆಳು, ವಿದ್ಯುತ್ತು; ಕೌನ್ಸಿಲು ಒಪ್ಪುವುದಿಲ್ಲ ಎಂದು ಮಾವನಿಗೆ ತಮಿಳಿನಲ್ಲೇ ಹೇಳಿದರು. ಮಾವ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಮುಖ್ಯ ವರದಿಗಾರರಿಗೆ ಮಾತು ಕೊಟ್ಟಾಗಿತ್ತು.

ಹೊರಡಲು ತಿರುಗಿದ ಸೂಪರಿಂಟೆಂಡೆಂಟರು ಕಾಲುವೆಯ ಬಾಯಿಯ ಹತ್ತಿರ ನಿಂತರು. ಅಲ್ಲಿ, ಗೋಡೆಯ ನೆರಳಿನಲ್ಲಿ, ಅಂಗೈಗಿಂತ ಅಗಲದ ಕೆಸುವಿನ ಎಲೆಗಳು ಹಸಿರಾಗಿ ನಿಂತಿದ್ದವು. ಬಾಳೆ ಕಡಿಸಿದ ಮಾವನಿಗೆ ಅದನ್ನು ಕೀಳುವ ಧೈರ್ಯ ಬಂದಿರಲಿಲ್ಲ. ಅದು ಅತ್ತೆಯದು.

"ಇದು ಸೇಪ್ಪಂಕಿಳಂಗು ದಾನೇ?" ಎಂದರು ಸೂಪರಿಂಟೆಂಡೆಂಟ್. ಕೆಸುವಿನ ಗಡ್ಡೆಯನ್ನು ಅವರ ಮನೆಯಲ್ಲೂ ಹುರಿಯುತ್ತಾರೆ. ಚಿತ್ತಿರೈ ತಿಂಗಳ ಕಡುಬೇಸಿಗೆಯ ಬಿಸಿಲಿನಲ್ಲಿ ನೀರಿಲ್ಲದೆ ಎರಡು ದಿನ ಬದುಕುವ ಗಿಡವಲ್ಲ ಅದು ಎಂದು ಅವರಿಗೆ ಗೊತ್ತು.

"ಅದು ಸುಮ್ಮನೆ ಕಾಡುಗಿಡ ಸಾರ್," ಎಂದು ಮಾವ ತಮಿಳಿನಲ್ಲಿ ಹೇಳಿದರು.

ಹಿತ್ತಲ ಬಾಗಿಲು ದಡಾರನೆ ತೆರೆಯಿತು. ಅತ್ತೆ ಮದರಾಸಿನಲ್ಲಿ ತರಕಾರಿಯವಳ ಜೊತೆ ಸಲೀಸಾಗಿ ತಮಿಳು ಆಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಕನ್ನಡವೇ. "ಕಾಡುಗಿಡವಾ? ನಾನು ಊರಿಂದ ಗಡ್ಡೆ ತಂದು ನೆಟ್ಟದ್ದು ಅದು! ಅದರ ಎಲೆಯ ಪತ್ರೊಡೆ ತಿನ್ನುವಾಗ ಕಾಡುಗಿಡ ಅಂತ ಗೊತ್ತಾಗ್ಲಿಲ್ವಾ ನಿಮಗೆ? ಇಷ್ಟು ವರ್ಷ ಹೋಟೆಲಿನ ನೀರೆಲ್ಲ ಕುಡಿದು ಬೆಳೆದದ್ದನ್ನ, ಯಾರೋ ಬರ್ತಾರೆ ಅಂತ ಹದಿನೈದು ದಿನ ಒಣಗಿಸಿದ್ರಿ. ನಾನು ಕೊಡದಲ್ಲಿ ಹೊತ್ತು ಹಾಕಿ ಸೊಂಟ ಹೋಯ್ತು!"

"ಅಮ್ಮಾ ಎನ್ನ ಸೊಲ್ರಾಂಗ?" ಅಮ್ಮ ಏನು ಹೇಳುತ್ತಿದ್ದಾರೆ ಎಂದು ಸೂಪರಿಂಟೆಂಡೆಂಟ್ ಮಾವನನ್ನು ಕೇಳಿದರು. ಮಾವ ಪಂಚೆಯ ತುದಿ ಸರಿಮಾಡಿಕೊಂಡರು. ಆಗ ಸೂಪರಿಂಟೆಂಡೆಂಟ್ ನನ್ನ ಕಡೆ ತಿರುಗಿ, ನೀನಾದರೂ ಹೇಳಪ್ಪಾ ಎಂದರು.

ಮಾವನ ಪರವಾಗಿ ಮಾತಾಡುವುದಿಲ್ಲ ಎಂದು ನಾನು ಒಪ್ಪಿದ್ದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಿದ ಹಾಗೆಯೇ ತಿಳಿಸುವುದು ಬೇರೆ. ಅದಕ್ಕೇ ನನಗೆ ಸಂಬಳ. ಅತ್ತೆಯ ಮಾತನ್ನು ಒಂದೂ ಸೇರಿಸದೆ, ಒಂದೂ ಬಿಡದೆ ತಮಿಳಿನಲ್ಲಿ ಹೇಳಿದೆ. ಸೊಂಟದ ವಿಷಯವನ್ನೂ.

ಸೂಪರಿಂಟೆಂಡೆಂಟ್ ಸ್ವಲ್ಪ ಹೊತ್ತು ಪೀಪಾಯಿಗಳನ್ನು ನೋಡಿದರು, ಆಮೇಲೆ ಮಾವನನ್ನು. ನಗು ತಡೆದುಕೊಂಡದ್ದು ಕಾಣುತ್ತಿತ್ತು. ಕಾಲುವೆ ತೆರೆಸಿ ಎಂದರು. ಮಾವನೇ ಪಂಚೆ ಎತ್ತಿ ಕಟ್ಟಿ ಕಲ್ಲು ತೆಗೆದರು. ಬೆಳಗಿನ ತಿಂಡಿಯ ಪಾತ್ರೆ ತೊಳೆಯುವ ಹೊತ್ತು ಅದು. ಬೂದಿಬಣ್ಣದ ನೀರು ಬಿರುಕುಗಳೊಳಗೆ ಸರಸರ ಇಳಿಯಿತು. ಸೂಪರಿಂಟೆಂಡೆಂಟ್ ಗಡಿಯಾರ ಹಿಡಿದು ನಿಂತರು. ಭಾನುವಾರವೂ ಇಷ್ಟೇ ಬರುತ್ತದೆಯೇ? ಭಾನುವಾರ ಇನ್ನೂ ಹೆಚ್ಚು ಎಂದರು ಮಾವ. ಬೇಸಿಗೆಯಲ್ಲಿ? ಹೋಟೆಲಿನ ಬಾವಿ ಒಮ್ಮೆಯೂ ಬತ್ತಿಲ್ಲ. ಸೂಪರಿಂಟೆಂಡೆಂಟ್ ಪುಸ್ತಕದಲ್ಲಿ ಬರೆದದ್ದನ್ನು ಹೊಡೆದು ಹಾಕಿ, ಹೊಸ ಪುಟ ತೆಗೆದರು.

ಎರಡು ತಿಂಗಳು ಕಾಗದಗಳು ಓಡಾಡಿದವು. ನೀರು ತಿಳಿಯಾಗಲು ಎರಡು ಗುಂಡಿಗಳನ್ನು ಹೋಟೆಲು ತನ್ನ ಖರ್ಚಿನಲ್ಲಿ ಕಟ್ಟಿಸಬೇಕು, ಆಗಾಗ ಸುಣ್ಣ ಹಾಕಬೇಕು. ತಿಳಿನೀರನ್ನು ಪಾರ್ಕು ತೆಗೆದುಕೊಳ್ಳುತ್ತದೆ. ಬಾವಿ, ಪಂಪು, ಪಂಪಿನ ಆಳು, ಮೂರೂ ಖರ್ಚಿನ ಅಂದಾಜಿನಿಂದ ಬಿದ್ದುಹೋದವು. ಹೆಲ್ತ್ ಇನ್‌ಸ್ಪೆಕ್ಟರ್ ಗುಂಡಿ ನೋಡಿ ರುಜು ಹಾಕಿದ. ಕೌನ್ಸಿಲಿನ ಒಪ್ಪಿಗೆಯನ್ನು ನಮ್ಮ ಪತ್ರಿಕೆಗೆ ವರದಿ ಮಾಡಿದ್ದು ನನ್ನ ಸಹೋದ್ಯೋಗಿ, ಆರು ಸಾಲು.

ಗೋಡೆ ಕಟ್ಟುವ ದಿನ ಮಾವ ಬೆಳಿಗ್ಗೆಯೇ ಹೋಗಿ ಮೇಸ್ತ್ರಿಯ ಪಕ್ಕ ನಿಂತರು. ನಕ್ಷೆಯಲ್ಲಿ ಕಾಲುವೆಗೆ ಒಂದಡಿಯ ಕಿಂಡಿ ಇತ್ತು. ಮೇಸ್ತ್ರಿ ಕಿಂಡಿ ಬಿಟ್ಟ. ಮಾವ ಅದರೊಳಗೆ ತೋಳು ತೂರಿಸಿ ಆಚೆ ಕೈ ಆಡಿಸಿ ನೋಡಿದರು, ಇನ್ನೊಂದು ಇಟ್ಟಿಗೆ ತೆಗೆಯಪ್ಪಾ ಎಂದರು. ಅವನು ಬೈದುಕೊಂಡೇ ತೆಗೆದ.

"ಊಟಕ್ಕೆ ಬರ್ತೀರಾ, ಇಲ್ಲಾ ಅಲ್ಲೇ ಕಾವಲು ಕೂರ್ತೀರಾ?" ಎಂದು ಅತ್ತೆ ಬಾಗಿಲಿನಿಂದ ಕೂಗಿದರು.

ಮಾವ ಬಂದರು. ಊಟ ಮುಗಿಸಿ, ಗಲ್ಲಾದಲ್ಲಿ ಅಡುಗೆ ಭಟ್ಟರನ್ನು ಕೂರಿಸಿ, ಮಹಡಿಗೆ ಬಂದು ನನ್ನ ಚಾಪೆಯ ಮೇಲೆ ಮಲಗಿದರು. ನಾಲ್ಕು ಗಂಟೆಗೆ ನಾನು ಕೆಲಸಕ್ಕೆ ಹೊರಟಾಗಲೂ ಎದ್ದಿರಲಿಲ್ಲ. ಮಾವ ಹಗಲು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಇಳಿದೆ.