ನಲವತ್ತೊಂದನೆಯ ತೂಕಡಿಕೆ

2023ರಲ್ಲಿ ನಾನು ಪುತ್ತೂರಿನಲ್ಲಿ ಕಾರ್ಮಿಕ ನಿರೀಕ್ಷಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹೊಸತೇನನ್ನೂ ಕಲಿಯುವ ಉಮೇದು ಇರಲಿಲ್ಲ. ಆಗ ದೂರು ಹಿಡಿದು ಬಂದವರು ಆಲೆಟ್ಟಿಯ ಕುಶಾಲಪ್ಪ. ಪಾರ್ಸೆಲ್ ಕಂಪನಿಯೊಂದರ ಲಾರಿಯನ್ನು ಸಂಪಾಜೆ ಘಾಟಿ ಹತ್ತಿಸಿ ಮಡಿಕೇರಿಗೆ ಒಯ್ಯುವ ಚಾಲಕ. ಒಂದು ಬೆಳಿಗ್ಗೆ ಕಂಪನಿಯ ಆ್ಯಪ್‌ನಲ್ಲಿ ಅವರ ಹೆಸರು ಕೆಂಪಾಗಿತ್ತು. ಅಷ್ಟೇ, ಕೆಲಸ ಹೋಗಿತ್ತು.

ವಜಾ ಆದೇಶ ಕೊಡಿ ಎಂದು ಮ್ಯಾನೇಜರನ್ನು ಕೇಳಿದೆ. ಅಂಥ ಕಾಗದವೇ ಇರಲಿಲ್ಲ.

"ನಾವು ತೆಗೆದದ್ದಲ್ಲ ಮೇಡಂ, ಸಿಸ್ಟಮ್ ಬ್ಲಾಕ್ ಮಾಡಿದ್ದು" ಎಂದರು.

ಹಾಗಾದರೆ ನೋಟಿಸು ಯಾರ ಹೆಸರಿಗೆ? ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರದ್ದು. ಅದರಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕು? ಪುಟ ಮಗುಚಿ ಮಗುಚಿ ನನಗೆ ತಲೆ ಚಿಟ್ಟು ಹಿಡಿಯಿತು.

ಲಾರಿಯೊಳಗಿನ ಕ್ಯಾಮೆರಾ ಚಾಲಕನ ಮುಖವನ್ನೇ ನೋಡುತ್ತಿರುತ್ತದೆ. ಕಣ್ಣು ಮುಚ್ಚಿದರೆ, ಬಾಯಿ ಅಗಲವಾಗಿ ತೆರೆದರೆ 'ತೂಕಡಿಕೆ' ಎಂದು ದಾಖಲಿಸುತ್ತದೆ. ಆ ತಿಂಗಳು ನಲವತ್ತೊಂದು ತೂಕಡಿಕೆ. ವಿಡಿಯೋಗಳನ್ನು ಒಂದೊಂದಾಗಿ ನೋಡಿದೆ. ಕುಶಾಲಪ್ಪ ಬಾಯಿ ತೆರೆದದ್ದು ಎಲೆಯಡಿಕೆ ಹಾಕಿಕೊಳ್ಳಲು! ಅಡಿಕೆಯ ಸೀಮೆಗೆ ಬಂದ ಕ್ಯಾಮೆರಾಕ್ಕೆ ಜಗಿಯುವುದೆಂದರೇನೆಂದು ಗೊತ್ತಿರಲಿಲ್ಲ. ನಗುತ್ತಾ ನಲವತ್ತು ಮುಗಿಸಿದೆ.

ನಲವತ್ತೊಂದನೆಯದರಲ್ಲಿ ಅವರ ಬಾಯಿ ಮುಚ್ಚಿತ್ತು, ಕಣ್ಣೂ ಮುಚ್ಚಿತ್ತು. ಘಾಟಿಯ ತಿರುವಿನಲ್ಲಿ ನಾಲ್ಕು ಸೆಕೆಂಡು. ಸಮಯ ನೋಡಿದೆ, ಸಂಜೆ ಐದೂವರೆ. ಕ್ಯಾಮೆರಾದ ಅದೇ ದಾಖಲೆಯ ಪ್ರಕಾರ ಅವರು ಲಾರಿ ಹತ್ತಿದ್ದು ಬೆಳಗಿನ ಜಾವ ನಾಲ್ಕಕ್ಕೆ. ಕಾಯ್ದೆಯ ಮಿತಿ ದಿನಕ್ಕೆ ಎಂಟು ಗಂಟೆ. ಕಂಪನಿಯ ಡ್ಯೂಟಿ ಪುಸ್ತಕದಲ್ಲೂ ಎಂಟೇ ಗಂಟೆ, ಕೆಳಗೆ ಕುಶಾಲಪ್ಪನವರದೇ ಸಹಿ.

ಈಗ ಪೇಚಿಗೆ ಬಿದ್ದೆ. ಕ್ಯಾಮೆರಾ ಸುಳ್ಳೆಂದು ಬರೆದರೆ ಅವರಿಗೆ ಕೆಲಸ ಸಿಗುತ್ತದೆ, ಆದರೆ ಹದಿಮೂರೂವರೆ ಗಂಟೆ ದುಡಿಸಿದ್ದಕ್ಕೆ ಇದ್ದ ಒಂದೇ ಸಾಕ್ಷಿ ಹೋಗುತ್ತದೆ. ನಿಜವೆಂದು ಬರೆದರೆ ಘಾಟಿಯಲ್ಲಿ ನಿದ್ದೆ ಹೋದ ಚಾಲಕನಿಗೆ ಕೆಲಸ ಕೊಡಿ ಎಂದು ಯಾವ ಬಾಯಲ್ಲಿ ಹೇಳುವುದು? ಎರಡು ದಿನ ಫೈಲನ್ನು ಮೇಜಿನ ಆ ಬದಿಯಿಂದ ಈ ಬದಿಗೆ ಸರಿಸಿದ್ದೇ ಬಂತು.

ಕೊನೆಗೆ ಕುಶಾಲಪ್ಪನವರನ್ನು ಕರೆಸಿ ವಿಡಿಯೋ ತೋರಿಸಿದೆ. ಎಲ್ಲವನ್ನೂ ಎಲೆಯಡಿಕೆಯ ಲೆಕ್ಕಕ್ಕೆ ಸೇರಿಸಿ ಬರೆಯುತ್ತೇನೆ, ಸುಮ್ಮನಿರಿ ಎಂದೂ ಹೇಳಿದೆ. ಅವರು ಆ ನಾಲ್ಕು ಸೆಕೆಂಡನ್ನು ಇನ್ನೊಮ್ಮೆ ಹಾಕಿಸಿ ನೋಡಿದರು.

"ಹಾಗೆ ಬರೀಬೇಡಿ ಮೇಡಂ. ನಾನು ನಿದ್ದೆ ಹೋದದ್ದು ಹೌದು. ಯಾಕೆ ಹೋದೆ ಅಂತಲೂ ಬರೀರಿ. ಇಲ್ಲದಿದ್ರೆ ನಾಳೆ ಪುನಃ ಅಷ್ಟೇ ಹೊತ್ತು ಓಡಿಸ್ಬೇಕಲ್ಲ, ಎಂತ ಮಾಡುದು?"

ಹಾಗೆಯೇ ಬರೆದೆ. ನಲವತ್ತು ತಪ್ಪು, ಒಂದು ಸರಿ, ಆ ಒಂದಕ್ಕೆ ಕಾರಣ ಕಂಪನಿ. ಒಂದೂವರೆ ತಿಂಗಳ ಎಳೆದಾಟದ ನಂತರ ಆ ಮಾರ್ಗದ ಕೆಲಸ ಹಂಚಿಕೊಳ್ಳಲು ಇನ್ನೊಬ್ಬ ಚಾಲಕ ಬಂದ, ಕುಶಾಲಪ್ಪನವರ ಹೆಸರಿನ ಕೆಂಪು ಹೋಯಿತು. ಕ್ಯಾಮೆರಾ ಹಾಗೇ ಇದೆ. ಅದಕ್ಕೆ ಯಾವ ನಿಯಮ ಎಂಬುದು ನನಗೆ ಇಂದಿಗೂ ಸ್ಪಷ್ಟವಿಲ್ಲ.

ಯಂತ್ರ ಸುಳ್ಳೆಂದು ಸಾಧಿಸಿದರೆ ಕಾರ್ಮಿಕನ ಪರ ನಿಂತಂತೆ ಎಂದು ನಾನು ತಿಳಿದಿದ್ದೆ. ಅವರು ತಡೆಯದಿದ್ದರೆ, ಅದೇ ಮನುಷ್ಯನನ್ನು ಅದೇ ತಿರುವಿಗೆ ನನ್ನ ಸಹಿ ಹಾಕಿಯೇ ಕಳಿಸುತ್ತಿದ್ದೆ.