ಏಳದೆ ಕೂತ ಕಲ್ಯಾಣದುರ್ಗದ ಪಾಲು

ಬನಶ್ರೀ ಹಿಂದೂಪುರದ ನೇಕಾರರ ಮನೆಯವಳು. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಊರಿನ ಖಾಸಗಿ ರಕ್ತಪರೀಕ್ಷಾ ಲ್ಯಾಬಿಗೆ ಸೇರಿ ಒಂಬತ್ತು ವರ್ಷ. ಅವಳ ಕೊರಳಿಗೆ ಬಿದ್ದದ್ದು ಒಂದು ಹಳೆಯ ಸರ್ವರ್. ಒಂದೇ ಯಂತ್ರವನ್ನು ಒಳಗೇ ಎರಡು ಪಾಲು ಮಾಡಿ, ಒಂದರಲ್ಲಿ ಹಿಂದೂಪುರದ ರಿಪೋರ್ಟು, ಇನ್ನೊಂದರಲ್ಲಿ ಕಲ್ಯಾಣದುರ್ಗ ಶಾಖೆಯ ರಿಪೋರ್ಟು ಇಟ್ಟಿದ್ದರು.

ಆ ಸೋಮವಾರ ಬೆಳಿಗ್ಗೆ ಕರೆಂಟು ಹೋಗಿ ಬಂದಾಗ ಹಿಂದೂಪುರದ ಪಾಲು ಎದ್ದಿತು, ಕಲ್ಯಾಣದುರ್ಗದ್ದು ಏಳಲಿಲ್ಲ. ಬನಶ್ರೀ ಕಪ್ಪು ಪರದೆಯಲ್ಲಿ ಅದನ್ನು ಎಬ್ಬಿಸುವ ಬೂಟ್ ಕಮಾಂಡ್ ಹೊಡೆದಳು. ಮೆಮೊರಿ ಸಾಲದು ಎಂದಿತು. ಮತ್ತೆ ಹೊಡೆದಳು, ಅದೇ ಉತ್ತರ. ಯಂತ್ರದೊಳಗಿನ ಒಂದು ಮೆಮೊರಿ ಕಾರ್ಡ್ ಸುಟ್ಟುಹೋಗಿತ್ತು. ಉಳಿದದ್ದನ್ನೆಲ್ಲ ಮೊದಲು ಎದ್ದ ಪಾಲು ಹಿಡಿದುಕೊಂಡಿತ್ತು. ಅದನ್ನು ನಿಲ್ಲಿಸಿ, ಮೆಮೊರಿ ಹಂಚಿ, ಎರಡನ್ನೂ ಹೊಸದಾಗಿ ಎಬ್ಬಿಸಬೇಕು.

"ಅರ್ಧ ಗಂಟೆ ಇಲ್ಲಿ ನಿಲ್ಲಿಸ್ಬೇಕು ಸಾರ್," ಎಂದಳು.

"ಹೊರಗೆ ನಲವತ್ತು ಜನ ಅವ್ರೆ. ಕುದರದು ಕಣಮ್ಮ, ಬೇರೆ ಏನಾನಾ ಮಾಡು," ಎಂದರು ಮ್ಯಾನೇಜರ್ ಕೇಶವಯ್ಯ.

ಬೇರೆ ಏನೂ ಇಲ್ಲವೆಂದು ನಾಲ್ಕು ಸಲ ಹೇಳಿದಳು. ಅವರು ಫೋನ್ ನೋಡುತ್ತಾ ಕೂತರು.

ಅಷ್ಟರಲ್ಲಿ ಕಲ್ಯಾಣದುರ್ಗದ ಟೆಕ್ನಿಶಿಯನ್ ಓಬುಳೇಶ್ ಮೂರನೇ ಸಲ ಫೋನ್ ಮಾಡಿದ. "ಅಕ್ಕ, ಬ್ರಹ್ಮಸಮುದ್ರದಿಂದ ನಾಗಕ್ಕ ಅಂತ ಬಂದವ್ರೆ. ನಾಳೆ ಸೊಸೆಗೆ ಆಪರೇಷನ್ನಂತೆ, ರಿಪೋರ್ಟ್ ಇಲ್ದೆ ಡಾಕ್ಟ್ರು ಮಾಡಲ್ಲಂತೆ. ಎಂಟು ಗಂಟೆಯಿಂದ ಕೂತವ್ರೆ."

ಬನಶ್ರೀ ಮ್ಯಾನೇಜರನ್ನು ಮತ್ತೆ ಕೇಳಲಿಲ್ಲ. ಹೊರಗೆ ಹೋಗಿ ಸಾಲಿನಲ್ಲಿದ್ದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪರಿಗಿಯಿಂದ ಬಂದಿದ್ದ ಉಗ್ರಪ್ಪ ಎಂಬ ಮುದುಕರು, "ಪರ್ವಾಲೇದು ಕಣಮ್ಮ, ಕಾಫಿ ಕುಡ್ಕೊಂಡ್ ಬತ್ತೀವಿ," ಎಂದು ಎದ್ದರು. ಕೆಲವರು ಗೊಣಗಿದರು.

ಅವಳು ಒಳಗೆ ಬಂದು ಹಿಂದೂಪುರದ ಪಾಲನ್ನು ನಿಲ್ಲಿಸಿಬಿಟ್ಟಳು. ಆತುರದಲ್ಲಿ ಮೆಮೊರಿಯ ಅಳತೆಗೆ ಒಂದು ಸೊನ್ನೆ ಕಡಿಮೆ ಹೊಡೆದು, ಎಲ್ಲ ಮೊದಲಿನಿಂದ ಮಾಡಬೇಕಾಯಿತು. ಅಳು ಬಂತು. ನುಂಗಿಕೊಂಡು ಒಂದೊಂದೇ ಅಕ್ಷರ ನೋಡಿ ಹೊಡೆದಳು.

ಐವತ್ತು ನಿಮಿಷಕ್ಕೆ ಎರಡೂ ಎದ್ದವು.

"ನಾಗಕ್ಕಂಗೆ ಬಸ್ ತಪ್ಪೋಯ್ತು ಅಕ್ಕ, ಆದ್ರೆ ರಿಪೋರ್ಟ್ ಇಸ್ಕೊಂಡ್ರು," ಎಂದ ಓಬುಳೇಶ್.

ಸಂಜೆ ಕೇಶವಯ್ಯ ಅವಳಿಂದ ವಿವರಣೆ ಬರೆಸಿಕೊಂಡರು. ಹೊಸ ಕಾರ್ಡ್ ಕೇಳಿದ್ದಕ್ಕೆ ಮುಂದಿನ ತಿಂಗಳು ನೋಡೋಣ ಎಂದರು. ಬಂದದ್ದು ಏಳು ವಾರಕ್ಕೆ. ಅಲ್ಲಿಯವರೆಗೂ ಎರಡೂ ಊರಿನಲ್ಲಿ ಸರ್ವರ್ ತೆವಳಿತು, ಎರಡೂ ಊರಿನವರು ಬನಶ್ರೀಯನ್ನೇ ಬೈದರು.