ಬೀಗರು ಕುಡಿದ ಔಷಧಿ

ಬೀದರಿನಲ್ಲಿ ಕೃಷಿ ತರಬೇತಿ ಮುಗಿಸಿ ಬಂದ ಅಪ್ಪ ನಮ್ಮ ಮೂಗಿಗೆ ಕಾಟ ಶುರುಮಾಡಿದ. ಬೆಳ್ಳುಳ್ಳಿ, ಬೇವಿನ ಸತ್ವವೇ ಬೆಳೆಯ ಶಿಲೀಂಧ್ರವನ್ನು ಅಡಗಿಸುತ್ತದಂತೆ. ಭಾಲ್ಕಿ ತಾಲ್ಲೂಕಿನ ಸಾಯಗಾಂವದ ನಮ್ಮ ಹೊಲದಲ್ಲಿ ವಟಾಣಿಗೆ ಬೂದಿ ರೋಗ ಬಿದ್ದಿತ್ತು. ಅಪ್ಪ ಎರಡನ್ನೂ ಅರೆದು, ಹುಳಿ ಮಜ್ಜಿಗೆಯಲ್ಲಿ ಕಲಸಿ, ಸೋಸಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಹೊಲದ ಕೊಂಪೆಯಲ್ಲಿಟ್ಟ. ಮರುದಿನ ಎಳ್ಳಮಾವಾಸ್ಯೆ. ಅವ್ವ ಜೋಳದ ಅಂಬಲಿಯ ಮಡಕೆಗೂ ಬಟ್ಟೆ ಕಟ್ಟಿ ಅದರ ಪಕ್ಕದಲ್ಲೇ ಇಟ್ಟಳು. ಅದರಲ್ಲೂ ಬೆಳ್ಳುಳ್ಳಿಯೇ ನಾರುತ್ತಿತ್ತು.

ಹೊಲಕ್ಕೆ ಎಡೆ ಚೆಲ್ಲಿ ಉಣ್ಣುವ ಚರಗದ ಊಟಕ್ಕೆ ಔರಾದ ಕಡೆಯ ಡಾಬಕಾದಿಂದ ಅಕ್ಕನಿಗೆ ನೋಡಿದ್ದ ಹುಡುಗನ ಮನೆಯವರು ಬಂದರು. ಮಾತು ಇನ್ನೂ ಪಕ್ಕಾ ಆಗಿರಲಿಲ್ಲ. ಹುಡುಗ ಅಕ್ಕನಿಗೆ ಬಹಳ ಹಿಡಿಸಿದ್ದ. ಏನಾದರೂ ಎಡವಟ್ಟಾದರೆ ಯಾರನ್ನೂ ಬಿಡುವುದಿಲ್ಲ ಎಂದು ನಮ್ಮನ್ನೆಲ್ಲ ಗದರಿಸಿಟ್ಟಿದ್ದಳು.

ಅಪ್ಪ ತಾನೇ ಮಡಕೆ ಎತ್ತಿ ಬಡಿಸಿದ. ಆ ದಿನ ಹೊಲದಲ್ಲಿ ಕೊಟ್ಟ ಅಂಬಲಿಯನ್ನು ಬೇಡ ಎನ್ನುವವರು ನಮ್ಮ ಕಡೆ ಇಲ್ಲ. ಹುಡುಗನ ತಂದೆ ಒಂದು ಗುಟುಕು ಕುಡಿದು ಆಕಾಶ ನೋಡಿದರು. ಆಮೇಲೆ ಬಟ್ಟಲು ಖಾಲಿ ಮಾಡಿ ಮೀಸೆ ಒರೆಸಿಕೊಂಡರು.

"ನಿಮ್ಮ ಕಡಿ ಅಂಬಲಿ ಭಾಳ ಖಡಕ್ ಅದರಿ."

"ಹಾಂಗಾರ ಇನ್ನೊಂದೀಟು ಹಾಕ್ತೇನ್ರಿ," ಎಂದು ಅಪ್ಪ ಹಿಗ್ಗಿ ಮತ್ತೆ ತುಂಬಿಸಿದ. ಮಡಕೆ ಅವರಿಗೇ ಖಾಲಿಯಾಯಿತು, ನಮ್ಮ ಪಾಲಿಗೆ ಉಳಿಯಲಿಲ್ಲ.

ಅವರು ಹೋದ ಮೇಲೆ ಅಪ್ಪ ಇನ್ನೊಂದು ಮಡಕೆಯದನ್ನು ಪಂಪಿಗೆ ಸುರಿದು ವಟಾಣಿಗೆ ಹೊಡೆಯಲು ಹೋದ. ನಾಲ್ಕು ಹೆಜ್ಜೆಗೆ ಪಂಪು ಕಟ್ಟಿಕೊಂಡಿತು. ಬಿಚ್ಚಿ ನೋಡಿದರೆ ಜೋಳದ ನುಚ್ಚು.

"ವಟಾಣಿಗಿ ಮಾಡಿದ್ದು ಬೀಗರಿಗಿ ಕುಡಿಸೀನಿ," ಎಂದು ಅಪ್ಪ ಬದುವಿನ ಮೇಲೆ ಕೂತುಬಿಟ್ಟ. ಅಕ್ಕ ಅತ್ತಳು. ಸಂಬಂಧ ಮುರಿದೇಹೋಯಿತೆಂದು ನಾವೆಲ್ಲ ಹೆದರಿದೆವು. ಅದೇ ವಾರ ಡಾಬಕಾದಿಂದ ಒಪ್ಪಿಗೆಯ ಫೋನ್ ಬಂತು. ನಿಜ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಮದುವೆಯಾದ ಮೇಲೆ ಬೇಸಿಗೆಯಲ್ಲಿ ಡಾಬಕಾಕ್ಕೆ ಹೋದೆವು. ಅಕ್ಕನ ಮಾವ ಅಂಬಲಿಗೆಂದು ಪ್ರೀತಿಯಿಂದ ಎಲ್ಲರಿಗೂ ಬಟ್ಟಲು ಕೊಡಿಸಿದರು.

"ನಿಮ್ಮ ಮನಿ ಪದ್ಧತಿ ನಾವ್ ಮರತಿಲ್ರಿ. ಬೇಂವು, ಬಳ್ಳೊಳ್ಳಿ ಅರದು ಹಾಕ್ಸೀವ್ರಿ."

ಅಪ್ಪನ ಕಣ್ಣಲ್ಲಿ ನೀರು ಬಂತು. ಮಾವ ಅದನ್ನು ಆನಂದಬಾಷ್ಪ ಎಂದುಕೊಂಡರು. ಅಕ್ಕ ನಮ್ಮ ಮುಖ ನೋಡದೆ ಎಲ್ಲರ ಬಟ್ಟಲಿಗೂ ಕಂಠಮಟ್ಟ ಸುರಿದಳು. ಗಂಡನ ಸರದಿ ಬಂದಾಗ ಮಾತ್ರ ಒಳಗೆ ಹೋಗಿ, ಬೇರೆ ಮಡಕೆಯಿಂದ ಬೆಳ್ಳನೆಯ ಸಾದಾ ಅಂಬಲಿ ತಂದು ಅವನ ಮುಂದಿಟ್ಟಳು. ಅಕ್ಕ ನಮ್ಮ ಮನೆ ಬಿಟ್ಟು ಹೋದಳೆಂದು ಮದುವೆಯ ದಿನ ಕೂಡ ನನಗೆ ಅನಿಸಿರಲಿಲ್ಲ. ಆ ಹೊತ್ತು ಅನಿಸಿತು.